ಹೊಣೆ: ಎಲ್ಲರೂ

ಹೇಳಿದರೆ ಏನಾಗಬಹುದು? ನಗಬಹುದು. ನಕ್ಕರೂ ಚಿಂತೆಯಿಲ್ಲ, ಅವಳ ನಗು ಕೇಳಲಿಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ನಗದೆ, ‘ಓ, ಹಾಗಾ’ ಎಂದುಬಿಟ್ಟರೆ? ಆ ‘ಓ, ಹಾಗಾ’ವನ್ನು ನಡುವೆ ಇಟ್ಟುಕೊಂಡು ಒಂದೇ ಆಫೀಸಿನಲ್ಲಿ, ಒಂದೇ ನೀರಿನ ಕ್ಯಾನಿನ ಆಚೆಗೊಬ್ಬರು ಈಚೆಗೊಬ್ಬರು ಕೂತು ಬದುಕುವುದು ಹೇಗೆ? ಹೇಳದಿದ್ದರೆ ಏನಾಗುತ್ತದೆ ಎಂಬುದರಲ್ಲಿ ಮಾತ್ರ ಸಂಶಯವಿರಲಿಲ್ಲ. ನಾಳೆ ಭಾನುವಾರ ಬಜಗೋಳಿಯಿಂದ ಅವಳ ಮನೆಗೆ ಒಂದು ಕಾರು ಬರುತ್ತದೆ. ಅದರಲ್ಲಿ ಒಬ್ಬ ಹುಡುಗ, ಅವನ ಅಪ್ಪ ಅಮ್ಮ, ಜೊತೆಗೊಬ್ಬ ಅತ್ತೆ ಇರುತ್ತಾರೆ. ಇಂಥ ಕಾರುಗಳಲ್ಲಿ ಬರುವ ಅತ್ತೆಯಂದಿರು ಒಪ್ಪಿಗೆ ಪಡೆಯದೆ ವಾಪಸು ಹೋದದ್ದಿಲ್ಲ.

‘ಕನೆಕ್ಷನ್ ರಿಫ್ಯೂಸ್ಡ್’ ಎಂದಿತು ಎದುರಿನ ಪರದೆ.

ಪ್ರತೀಕ್ ಬೆಚ್ಚಿಬಿದ್ದ. ಅದು ತನಗೆ ಬಂದ ಉತ್ತರವಲ್ಲ, ಡೇಟಾಬೇಸ್ ಕೊಟ್ಟ ಉತ್ತರ ಎಂದು ಗೊತ್ತಾದ ಮೇಲೆ ಎದೆ ಮತ್ತೆ ತನ್ನ ಜಾಗಕ್ಕೆ ಬಂತು.

ಮಣಿಪಾಲದ ಆ ಸಣ್ಣ ಕಂಪನಿ ಮನೆಗಳಿಗೆ ಅಡುಗೆಕೋಣೆಯ ಕಪಾಟು, ಕಲ್ಲಿನ ಕಟ್ಟೆ, ವಾರ್ಡ್‌ರೋಬು ಮಾಡಿಕೊಡುತ್ತಿತ್ತು. ಪ್ರತೀಕ್ ಸೇರಿದ್ದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಲಿಕ್ಕೆ. ಆದರೆ ಕಂಪ್ಯೂಟರ್ ಗೊತ್ತಿರುವವನು ಎಂದು ಒಮ್ಮೆ ಹೆಸರು ಬಿದ್ದ ಮೇಲೆ ಪ್ರಿಂಟರು ಕೆಮ್ಮಿದರೂ, ಬಾಗಿಲ ಕ್ಯಾಮೆರಾ ಕುರುಡಾದರೂ ಕರೆ ಬರುವುದು ಅವನಿಗೇ. ಯಾವ ಮನೆಯ ಯಾವ ಕೆಲಸ ಎಲ್ಲಿಗೆ ಬಂತು ಎಂದು ಒಂದೇ ಕಡೆ ಕಾಣಿಸುವ ವ್ಯವಸ್ಥೆಯನ್ನು ಕಂಪನಿಗೆ ತಂದು ಕೂರಿಸಿದವನೂ ಅವನೇ. ಮಾಲೀಕರಾದ ತಾರಾನಾಥ ಅವರಿಗೆ ಅದು ಬಹಳ ಹಿಡಿಸಿ, ತಮ್ಮದೂ ಕೆಲವು ಕಾನೂನುಗಳನ್ನು ಸೇರಿಸಿದ್ದರು. ಒಮ್ಮೆ ಬರೆದ ಕೆಲಸವನ್ನು ಯಾರೂ ಅಳಿಸುವಂತಿಲ್ಲ. ಮುಗಿಯುವವರೆಗೆ ಗಂಟೆಗೊಮ್ಮೆ ಮೊಬೈಲಿಗೆ ನೆನಪೋಲೆ ಹೋಗಬೇಕು. ಹೊಣೆ ಯಾರದೆಂದು ಬರೆಯದೆ ಬಿಟ್ಟರೆ ಅದು ಎಲ್ಲರದೂ. “ಯಾರದ್ದೂ ಅಲ್ಲದ ಕೆಲಸ ಅಂತ ನನ್ನ ಕಂಪನಿಯಲ್ಲಿ ಇಲ್ಲ,” ಎಂದು ಅವರು ಮೇಜು ಕುಟ್ಟಿ ಹೇಳಿದ್ದರು.

ಇವತ್ತಿನ ಕೆಲಸ ಅದರ ಹೊಸ ಆವೃತ್ತಿಯನ್ನು ತನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು. ಅದಕ್ಕೆಂದೇ ಖಾಲಿ ಡೇಟಾಬೇಸ್ ಒಂದಿತ್ತು. ಅದರಲ್ಲಿ ಏನು ಬರೆದರೂ ಹೊರಗೆ ಹೋಗದು. ಮಕ್ಕಳ ಅಡುಗೆಯಾಟದ ಹಾಗೆ, ಸೌದೆ ಉಂಟು ಬೆಂಕಿ ಇಲ್ಲ. ಅಸಲಿ ಡೇಟಾಬೇಸಿನಲ್ಲಿ ಬರೆದದ್ದು ಮಾತ್ರ ಆ ಕ್ಷಣವೇ ಎಲ್ಲರ ಜೇಬಿನಲ್ಲಿ ಟಿಣ್ ಎನ್ನುತ್ತಿತ್ತು. ಯಾವುದಕ್ಕೆ ಜೋಡಿಸಬೇಕು ಎಂಬುದು ಎನ್‌ವಿರಾನ್‌ಮೆಂಟ್ ಫೈಲ್ ಎಂಬ ಪುಟ್ಟ ಫೈಲಿನ ಒಂದೇ ಸಾಲಿನಲ್ಲಿತ್ತು. ಬೆಳಿಗ್ಗೆಯಿಂದ ಆ ಸಾಲು ಅವನನ್ನು, ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದವನನ್ನು ಎಕ್ಸ್‌ಪ್ರೆಸ್ ಬಸ್ಸು ನೋಡುವ ಹಾಗೆ ನೋಡಿ, ನಿಲ್ಲಿಸದೆ ಹೋಗುತ್ತಿತ್ತು. ಪಾಸ್‌ವರ್ಡ್ ಬದಲಿಸಿದ, ವಿಳಾಸ ಬದಲಿಸಿದ, ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದ. ಕೊನೆಗೆ ಸುಸ್ತಾಗಿ, ಅಸಲಿ ಸರ್ವರಿನ ಸಾಲನ್ನು ಹಾಗೆಯೇ ಎತ್ತಿ ತಂದು ಅಂಟಿಸಿದ. ತುದಿಯಲ್ಲಿರುವ ಡೇಟಾಬೇಸಿನ ಹೆಸರನ್ನು ಬದಲಾಯಿಸಿದರೆ ಮುಗಿಯಿತು ಎನ್ನುವಷ್ಟರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕುಶಲಕ್ಕ ಟಿಫಿನ್ ಡಬ್ಬಿ ಬಿಚ್ಚಿದರು.

“ಪ್ರತೀಕಾ, ಮೂಡೆ ತಂದಿದ್ದೇನೆ. ಬಿಸಿ ಆರುವ ಮೊದಲು ಬಾ.”

ಕೇದಗೆ ಎಲೆಯಲ್ಲಿ ಬೆಂದ ಕಡುಬಿನ ವಾಸನೆ ಬಂದ ಮೇಲೆ ಕರಾವಳಿಯವನೊಬ್ಬ ಒಂದು ಸಾಲು ಮುಗಿಸಿ ಏಳುತ್ತೇನೆ ಎಂದದ್ದುಂಟೇ? ಅವನು ಎದ್ದ. ತಿಂದು, ಕೈ ತೊಳೆದು ಬಂದು ನೋಡಿದರೆ ಪರದೆಯ ಮೇಲೆ ‘ಕನೆಕ್ಟೆಡ್’ ಎಂದಿತ್ತು. ಮೂಡೆಯ ಮಹಿಮೆ ಎಂದುಕೊಂಡ. ಪರೀಕ್ಷೆಗೆ ಒಂದು ಕೆಲಸ ಬರೆಯಬೇಕಿತ್ತು. ಬುದ್ಧಿವಂತರು ‘ಟೆಸ್ಟ್ ಒಂದು’ ಎಂದು ಬರೆಯುತ್ತಾರೆ. ಅವನ ಬೆರಳುಗಳು ಬೆಳಿಗ್ಗೆಯಿಂದ ತಲೆಯಲ್ಲಿ ತಿರುಗುತ್ತಿದ್ದದ್ದನ್ನೇ ಬರೆದವು: ‘ದೀಕ್ಷಿತಾಳಿಗೆ ಹೇಳಬೇಕಾದ್ದನ್ನು ಹೇಳುವುದು. ಗಡುವು: ಇವತ್ತು ಸಂಜೆ. ಬಹಳ ತುರ್ತು.’ ಹೊಣೆಯ ಜಾಗವನ್ನು ಖಾಲಿ ಬಿಟ್ಟ. ಯಾರಿಗೂ ಹೋಗದ ಮಾತಿಗೆ ಹೊಣೆ ಯಾಕೆ?

ಗುಂಡಿ ಒತ್ತಿದ. ಪಕ್ಕದ ಮೇಜಿನಲ್ಲಿ ಕುಶಲಕ್ಕನ ಮೊಬೈಲು ಟಿಣ್ ಎಂದಿತು. ಗಾಜಿನ ಕ್ಯಾಬಿನ್ನಿನೊಳಗೆ ತಾರಾನಾಥರ ಮೊಬೈಲು ಟಿಣ್ ಎಂದಿತು. ಅವನ ಸ್ವಂತ ಜೇಬು ಟಿಣ್ ಎಂದಿತು. ತಲೆಯೆತ್ತಿದರೆ ಗೋಡೆಯ ಟಿವಿಯಲ್ಲಿ, ಎಲ್ಲ ಕೆಲಸಗಳ ಮೇಲೆ, ಕೆಂಪು ಅಕ್ಷರದಲ್ಲಿ ಅವನ ಮನಸ್ಸು ಬಿದ್ದುಕೊಂಡಿತ್ತು. ಕೆಳಗೆ: ‘ಹೊಣೆ: ಎಲ್ಲರೂ. ಬಾಕಿ: ತಾರಾನಾಥ, ಕುಶಲಾ, ಯಂಕಪ್ಪ, ಪ್ರತೀಕ್.’ ಕೆಲಸದಲ್ಲೇ ಹೆಸರಿದ್ದವಳನ್ನು ಮಾತ್ರ ವ್ಯವಸ್ಥೆ ಹೊಣೆಯಿಂದ ಬಿಟ್ಟಿತ್ತು.

“ಅದು ಟೆಸ್ಟ್!” ಅವನು ಎದ್ದು ನಿಂತು ಕೂಗಿದ. “ಯಾರೂ ನೋಡ್ಬೇಡಿ, ಅದು ಟೆಸ್ಟ್!”

“ನೋಡ್ಬೇಡಿ ಅಂದ್ರೆ ಹೇಗೆ ಮಾರಾಯ, ಇಷ್ಟು ದೊಡ್ಡದು ಹಾಕಿ?” ಕುಶಲಕ್ಕ ಕನ್ನಡಕ ಏರಿಸಿದರು. “ಟೆಸ್ಟಿಗೆ ಯಾರಾದ್ರೂ ಹೆಸರು ಹಿಡಿದು ಬರೀತಾರಾ?”

ಅಷ್ಟರಲ್ಲಿ ದೀಕ್ಷಿತಾಳದೇ ಫೋನು ಬಂತು. ಅವಳು ಕಾಪುವಿನಲ್ಲಿ, ಸಮುದ್ರದ ಹತ್ತಿರ ಕಟ್ಟುತ್ತಿದ್ದ ಮನೆಯ ಅಡುಗೆಕೋಣೆಯ ಕೆಲಸ ನೋಡಿಕೊಳ್ಳುತ್ತಿದ್ದಳು. ಅದರ ವಿನ್ಯಾಸವೂ ಅವಳದೇ.

“ಎಂತ ಹೇಳ್ಲಿಕ್ಕುಂಟು ನನಗೆ? ಎಲ್ಲರೂ ಸೇರಿ?”

“ಎಂತದೂ ಇಲ್ಲ. ಡೇಟಾಬೇಸ್ ತಪ್ಪಿ ಹೋಯ್ತು.”

“ಡೇಟಾಬೇಸ್ ತಪ್ಪಿದ್ರೆ ನನ್ನ ಹೆಸರು ಎಲ್ಲಿಂದ ಬಂತು?”

ಗಾಳಿಯ ಸದ್ದು ಕೇಳುತ್ತಿತ್ತು. ಇದು ಸರಿಯಾದ ಸಮಯ ಎಂದು ಅವನಿಗೆ ತಿಳಿಯಿತು. ತಿಳಿಯುವುದಕ್ಕೂ ಬಾಯಿ ತೆರೆಯುವುದಕ್ಕೂ ನಡುವೆ ಅವನಲ್ಲಿ ಯಾವಾಗಲೂ ಒಂದು ದೊಡ್ಡ ಬಯಲಿರುತ್ತಿತ್ತು. ಅವನು ಆ ಬಯಲನ್ನು ದಾಟುತ್ತಿರುವಾಗಲೇ ಅವಳು, “ಸರಿ, ಇಲ್ಲಿ ಯಂಕಪ್ಪಣ್ಣ ಎಂತದೋ ಹೇಳ್ಬೇಕಂತೆ, ಆಮೇಲೆ ಮಾಡ್ತೇನೆ,” ಎಂದು ಇಟ್ಟಳು.

ಯಂಕಪ್ಪ ಬಾಗಲಕೋಟೆ ಕಡೆಯವನು. ಕಾಪುವಿನ ಮನೆಯಲ್ಲಿ ಕಲ್ಲು ಕೂರಿಸುವ ತಂಡದ ಮುಖ್ಯಸ್ಥ. ಸ್ವಲ್ಪ ಹೊತ್ತಿನಲ್ಲಿ ಅವನೇ ಪ್ರತೀಕನಿಗೆ ಫೋನು ಮಾಡಿದ.

“ಸರ, ಹೇಳಿಬಿಟ್ಟೆ ನೋಡ್ರಿ. ಸಿಂಕಿನ ಬಾಜೂಕ ಕಲ್ಲು ಸೀಳಿತ್ರಿ. ಅಂಟು ಹಚ್ಚಿ, ಪಾಲಿಶ್ ಹೊಡದು ಮುಚ್ಚಿಟ್ಟಿದ್ದೆ. ನಿಮಗ ಅಲ್ಲೇ ಕುಂತು ಹ್ಯಾಂಗ ಗೊತ್ತಾತ್ರಿ?”

“ನನಗೆ ಗೊತ್ತಿರಲಿಲ್ಲ ಯಂಕಪ್ಪಣ್ಣ.”

“ದೊಡ್ಡ ಮನಸಿನವ್ರು ಹಂಗ ಅಂತೀರಿ. ನನ್ನ ಹೆಸರು ತಗೀಲಿಲ್ಲ, ಎಲ್ಲಾರೂ ಅಂತ ಬರದ್ರಿ. ಮರ್ಯಾದಿ ಉಳಿಸಿದ್ರಿ ಸರ.”

ಟಿವಿಯಲ್ಲಿ ಯಂಕಪ್ಪನ ಹೆಸರು ಹಸಿರಾಯಿತು. ಪ್ರತೀಕ್ ತಲೆಗೆ ಕೈಹಚ್ಚಿ ಕೂರುವಷ್ಟರಲ್ಲಿ ತಾರಾನಾಥ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು.

“ಯಾರು ಹೇಳಿದ್ದು ನಿನಗೆ?”

“ಎಂತದು ಸರ್?”

“ನಾಟಕ ಬೇಡ. ಕಾಪುವಿನ ಕಿಚನ್ ಡಿಸೈನ್ ನಂದೇ ಅಂತ ನಾನು ಆ ಮನೆಯವರ ಹತ್ರ ಹೇಳಿದ್ದು.” ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ಬೇಕೂಂತ ಹೇಳಿದ್ದಲ್ಲ ಮಾರಾಯ. ಅವರು ಹೊಗಳಿದರು. ಹೊಗಳುವಾಗ ಮಧ್ಯದಲ್ಲಿ ಬಾಯಿ ಹಾಕುವುದು ಸರಿಯಲ್ಲ ಅಂತ ಸುಮ್ಮನಾದೆ. ಆಮೇಲೆ ಫೋಟೋಕ್ಕೂ ನಿಂತೆ.”

“ಸರ್, ಅದು ನಿಜವಾಗಿ ಪರೀಕ್ಷೆಗೆ...”

“ಹೌದು, ಪರೀಕ್ಷೆಯೇ. ನಾನು ಪಾಸಾಗ್ತೇನೆ ನೋಡು.” ಅವರು ಅಲ್ಲೇ ದೀಕ್ಷಿತಾಳಿಗೆ ಫೋನು ಹಚ್ಚಿ, ಎರಡು ಸಲ ಗಂಟಲು ಸರಿಮಾಡಿಕೊಂಡು, ತಪ್ಪಾಯ್ತಮ್ಮ ಎಂದರು. ಹೊರಗೆ ಬರುವಾಗ ಹಲ್ಲು ಕೀಳಿಸಿಕೊಂಡವರ ಹಾಗೆ ಕೆನ್ನೆ ಹಿಡಿದುಕೊಂಡಿದ್ದರು. ಆದರೆ ಮುಖದಲ್ಲಿ ನೋವು ಹೋದ ಸುಖವಿತ್ತು. ಟಿವಿಯಲ್ಲಿ ಅವರ ಹೆಸರೂ ಹಸಿರಾಯಿತು.

ಪ್ರತೀಕನಿಗೆ ವಿಚಿತ್ರವೆನಿಸಿತು. ಒಬ್ಬ ಹುಡುಗಿಗೆ ಹೇಳದೆ ಉಳಿಸಿಕೊಂಡದ್ದು ತನ್ನಲ್ಲಿ ಮಾತ್ರ ಇದೆ ಎಂದು ಅವನು ನಂಬಿದ್ದ. ನೋಡಿದರೆ ಎಲ್ಲರ ಕಿಸೆಯಲ್ಲೂ ಒಂದೊಂದು ಇತ್ತು. ಅವರು ತೆಗೆದು ಕೊಡುತ್ತಿದ್ದಾರೆ, ತಾನು ಮಾತ್ರ ಕಿಸೆಯ ಬಾಯಿ ಹಿಡಿದು ನಿಂತಿದ್ದೇನೆ. ತನ್ನ ಹೆಸರನ್ನು ಹಸಿರು ಮಾಡಿಬಿಡೋಣ ಎಂದು ಗುಂಡಿ ಒತ್ತಿದ. ‘ಏನು ಮಾಡಿದಿರಿ? ಒಂದು ಸಾಲು ಬರೆಯಿರಿ’ ಎಂದು ವ್ಯವಸ್ಥೆ ಕೇಳಿತು. ಬರೆದ, ಅಳಿಸಿದ. ಇನ್ನೊಮ್ಮೆ ಬರೆದ, ಅದನ್ನೂ ಅಳಿಸಿದ. ಪರದೆಯನ್ನು ಹಾಗೆಯೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತ.

ಗಂಟೆಗೊಮ್ಮೆ ಬರುವ ಟಿಣ್ ಮತ್ತೆ ಬಂತು. ಈಗ ಎರಡೇ ಹೆಸರು ಬಾಕಿ. ಕುಶಲಕ್ಕ ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಬಂದು, ದನಿ ಇಳಿಸಿದರು.

“ಪ್ರತೀಕಾ, ನೀನು ಅವಳಿಗೆ ಎಂತ ಹೇಳ್ಬೇಕು ಅಂತ ನನಗೆ ಗೊತ್ತುಂಟು.”

ಅವನ ಕಿವಿ ಬಿಸಿಯಾಯಿತು. “ಗೊತ್ತುಂಟಾ?”

“ಕಣ್ಣಿಲ್ವಾ ನನಗೆ? ಅವಳ ಅಮ್ಮ ನನ್ನ ಹತ್ರ ನಿನ್ನ ವಿಷಯ ಕೇಳಿ ಎಷ್ಟು ದಿನ ಆಯ್ತು. ಹುಡುಗ ಹೇಗೆ, ಮನೆಯವರು ಹೇಗೆ ಅಂತ. ಆ ಹುಡುಗಿ ಬಂದ ಸಂಬಂಧವನ್ನೆಲ್ಲ ಮುಂದೆ ಹಾಕ್ತಾ ಇರೋದು ಯಾರಿಗೋಸ್ಕರ? ನಾನೇ ಅವಳಿಗೆ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ.”

ಪ್ರತೀಕನಿಗೆ ಕಾಲಿನ ಕೆಳಗಿನ ಟೈಲ್ಸು ಒಂದು ಇಂಚು ಮೇಲೆದ್ದ ಹಾಗಾಯಿತು. ಅವಳು ಕಾಯುತ್ತಿದ್ದಾಳೆ. ಎಷ್ಟು ದಿನದಿಂದ, ಅದೇ ಕ್ಯಾನಿನ ಆಚೆ ಕೂತು!

“ನಿನ್ನ ಬಾಯಿಯಿಂದ ಅದು ಬರೋದಿಲ್ಲ, ನನಗೆ ಗೊತ್ತು,” ಕುಶಲಕ್ಕ ಅವನ ಭುಜ ತಟ್ಟಿದರು. “ನಾನು ಹೇಳ್ಲಾ? ನಿನ್ನದೂ ಮುಗೀತದೆ, ನನ್ನದೂ ಮುಗೀತದೆ.”

ಅವನ ಜೀವಮಾನದಲ್ಲಿ ಇಷ್ಟು ಹಗುರವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಹೇಳಿ ಅಕ್ಕಾ,” ಎಂದ. “ನೀವೇ ಹೇಳಿಬಿಡಿ.”

ಸಂಜೆ ದೀಕ್ಷಿತಾಳ ಸ್ಕೂಟರು ಆಫೀಸಿನ ಅಂಗಳಕ್ಕೆ ಬಂತು. ಕುಶಲಕ್ಕ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದರು. ಪ್ರತೀಕ್ ಮೇಲಿನ ಕಿಟಕಿಯಿಂದ ನೋಡಿದ. ಮಾತು ಕೇಳಿಸುತ್ತಿರಲಿಲ್ಲ. ಕುಶಲಕ್ಕ ಅವಳ ಕೈ ಹಿಡಿದುಕೊಂಡರು. ಅವಳು ಹೆಲ್ಮೆಟ್ ತೆಗೆಯದೆ ನಿಂತಿದ್ದಳು, ಮೆಲ್ಲನೆ ತಲೆ ತಗ್ಗಿಸಿದಳು, ನಾಚಿಕೆ ಎಂದುಕೊಂಡ. ನಂತರ ಒಮ್ಮೆ ತಲೆಯಾಡಿಸಿದಳು, ಒಪ್ಪಿಗೆ ಎಂದುಕೊಂಡ. ಕುಶಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು, ಸಂತೋಷಕ್ಕೆ ಎಂದುಕೊಂಡ. ಮದುವೆ ಎಲ್ಲಿ ಎಂಬ ಮಟ್ಟಕ್ಕೆ ಅವನ ಯೋಚನೆ ಹೋಗಿತ್ತು. ತಮ್ಮೂರು ಎಲ್ಲೂರಿನ ದೇವಸ್ಥಾನದಲ್ಲೇ ಆಗಲಿ ಎಂದು ಅಪ್ಪ ಹಟ ಹಿಡಿಯುತ್ತಾರೆ. ಪರವಾಗಿಲ್ಲ, ಬಸ್ಸು ಉಂಟು.

ಕುಶಲಕ್ಕ ಮೇಲೆ ಬಂದರು. “ಆಯ್ತು ಮಗಾ. ಬಹಳ ಒಳ್ಳೆ ಹುಡುಗಿ. ಒಂದು ಮಾತು ಹೆಚ್ಚು ಆಡ್ಲಿಲ್ಲ. ನಿನ್ನದು ನಾನೇ ಒತ್ತುತ್ತೇನೆ, ನೀನು ಕೆಳಗೆ ಹೋಗಿ ಒಂದು ನಿಮಿಷ ಮಾತಾಡು.” ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ.

ದೀಕ್ಷಿತಾ ಸ್ಕೂಟರಿಗೆ ಒರಗಿ ನಿಂತಿದ್ದಳು. ಹೆಲ್ಮೆಟ್ ಕೈಯಲ್ಲಿತ್ತು, ಕೂದಲಲ್ಲಿ ಕಾಪುವಿನ ಮರಳು ಇತ್ತು.

“ಕುಶಲಕ್ಕ ಎಲ್ಲ ಹೇಳಿದರು,” ಎಂದಳು.

“ಸಿಟ್ಟು ಬಂತಾ?”

“ಸಿಟ್ಟು ಎಂತಕ್ಕೆ? ಇದರಲ್ಲಿ ಯಾರ ತಪ್ಪೂ ಇಲ್ಲ.” ಅವಳು ನಕ್ಕಳು. ಅವನು ಬೆಳಿಗ್ಗೆ ಎಣಿಸಿದ್ದ ನಗುವಲ್ಲ, ಬೇರೆ ಯಾವುದೋ. “ಆದರೆ ನೀನೇ ಹೇಳ್ಬಹುದಿತ್ತು ಮಾರಾಯ. ನಾನೆಂತ ತಿಂತಿದ್ದೆನಾ ನಿನ್ನನ್ನು? ಅವಳು ಒಳ್ಳೆಯವಳಾ?”

“ಯಾರು?”

“ನಿನ್ನ ಹುಡುಗಿ.”

ಪ್ರತೀಕ್ ನಿಂತಲ್ಲೇ ನಿಂತ.

“ಅಡಗಿಸ್ಬೇಡ, ಗೊತ್ತಾಯ್ತು. ಕುಶಲಕ್ಕ ತಮ್ಮ ಅಣ್ಣನ ಮಗಳನ್ನು ನೋಡು ಅಂದಾಗ ನೀನು ಹೇಳಿದ್ದಂತಲ್ಲ, ನನ್ನ ಮನಸ್ಸಿನಲ್ಲಿ ಒಬ್ಬಳಿದ್ದಾಳೆ, ಹೆಸರು ಕೇಳ್ಬೇಡಿ ಅಂತ. ಅದರ ಮೇಲೆ ನಮ್ಮಮ್ಮ ಬೇರೆ ನಿನ್ನ ಬಗ್ಗೆ ವಿಚಾರಿಸಿದ್ದಾರೆ. ಪಾಪ, ಕುಶಲಕ್ಕನಿಗೆ ಉಗುಳಲಿಕ್ಕೂ ಆಗಲಿಲ್ಲ, ನುಂಗಲಿಕ್ಕೂ ಆಗಲಿಲ್ಲಂತೆ. ನೀನೂ ನನಗೆ ಹೇಗೆ ಹೇಳೋದು ಅಂತ ಒದ್ದಾಡಿ ಕಡೆಗೆ ಕಂಪ್ಯೂಟರಿಗೆ ಬರೆದಿದ್ದಿ.” ಅವಳು ಹೆಲ್ಮೆಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ಅಮ್ಮನಿಗೆ ಈಗಲೇ ಫೋನ್ ಮಾಡಿದೆ, ನಾಳೆ ಬಜಗೋಳಿಯವರು ಬರ್ಲಿ, ಇನ್ನು ಮುಂದೆ ಹಾಕೋದಿಲ್ಲ ಅಂತ. ಹೇಳು, ಒಳ್ಳೆಯವಳಾ?”

“ಹೌದು,” ಎಂದ ಪ್ರತೀಕ್. “ತುಂಬಾ ಒಳ್ಳೆಯವಳು.”

“ಹಾಗಾದ್ರೆ ಒಳ್ಳೆಯದಾಯ್ತು.” ಅವಳು ಹೆಲ್ಮೆಟ್ ಎತ್ತಿ, ಮತ್ತೆ ಇಳಿಸಿದಳು. “ನಮಗೆಲ್ಲ ಗೊತ್ತಿರೋ ಹುಡುಗಿಯಾ?”

ಅವನು ಬಾಯಿ ತೆರೆದ. ಈ ಸಲ ಬಯಲು ಅಷ್ಟು ದೊಡ್ಡದಿರಲಿಲ್ಲ. ಒಂದು ಹೆಜ್ಜೆ, ಒಂದು ಶಬ್ದ. ಅಷ್ಟರಲ್ಲಿ ಅವಳ ಮೊಬೈಲೂ ಅವನ ಮೊಬೈಲೂ ಒಟ್ಟಿಗೆ ಟಿಣ್ ಎಂದವು. ‘ದೀಕ್ಷಿತಾಳಿಗೆ ಹೇಳಬೇಕಾದ್ದನ್ನು ಹೇಳಲಾಗಿದೆ. ಬಾಕಿ: ಯಾರೂ ಇಲ್ಲ.’ ಮೇಲಿನ ಕಿಟಕಿಯಿಂದ ಕುಶಲಕ್ಕ ಕೈಬೀಸಿದರು. ಅವರ ಪಕ್ಕದಲ್ಲಿ ತಾರಾನಾಥರು, ಕೆಲಸವೊಂದು ಗಡುವಿನ ಒಳಗೆ ಮುಗಿದ ಹೆಮ್ಮೆಯಲ್ಲಿ, ಚಪ್ಪಾಳೆ ತಟ್ಟುತ್ತಿದ್ದರು.

ದೀಕ್ಷಿತಾ ಓದಿ, ಮೊಬೈಲನ್ನು ಚೀಲಕ್ಕೆ ಹಾಕಿ, ಹೆಲ್ಮೆಟ್ ತೊಟ್ಟುಕೊಂಡಳು. ಗಾಜು ಇಳಿಸುವ ಮೊದಲು ಇನ್ನೊಮ್ಮೆ ಅವನ ಮುಖ ನೋಡಿದಳು. ಆಮೇಲೆ ಸ್ಕೂಟರು ಉಡುಪಿಯ ಇಳಿಜಾರಿನ ಕಡೆ ಹೊರಟಿತು.

ಆ ಹುಡುಗಿ ನೀನೇ ಎಂದು ಪ್ರತೀಕ್ ಹೇಳಲಿಲ್ಲ.