ಆಪಿಗೊಂದು ಕೀಲಿ, ಕೀಲಿಗೊಂದು ಹೆಸರು

ಮನೆಯ ಬೀಗದ ಕೈಯನ್ನು ನಾನು ಎಂದೂ ಕಳೆದುಕೊಂಡವನಲ್ಲ. ನಾನು ಜಾಗರೂಕ ಎಂದಲ್ಲ, ಅದು ನನ್ನ ಕೈಗೆ ಬಂದದ್ದೇ ಇಲ್ಲ. ವಿಮಾ ಕಂಪನಿಯ ನೌಕರಿಯಲ್ಲಿ ಗದಗಿನಿಂದ ಗುಜರಾತಿಗೆ ವರ್ಗವಾಗಿ, ವಡೋದರಾ, ಸೂರತ್ತು ಸುತ್ತಿ ಈಗ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಕೂತಿರುವ ನನಗೆ ಮನೆಯೆಂದರೆ ಬಿಸಿ ರೊಟ್ಟಿ ಮತ್ತು ಇಸ್ತ್ರಿಯಾದ ಅಂಗಿ ಸಿಗುವ ಜಾಗ. ಉಳಿದದ್ದೆಲ್ಲ ನನ್ನ ಹೆಂಡತಿ ಸುಧಾಳ ಖಾತೆ. ಬೀಗಗಳು ಮೊಬೈಲಿನೊಳಗೆ ಹೋಗಿ, ಗ್ಯಾಸಿಗೊಂದು, ಹಾಲಿಗೊಂದು, ಬ್ಯಾಂಕಿಗೊಂದು ಆಪ್ ಬಂದಾಗಲೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಆರೋಗ್ಯ ವಿಮೆಯ ಆಪನ್ನೂ ಅವಳ ಫೋನಿಗೇ ಹಾಕಿಸಿದ್ದೆ. ಹಗಲೆಲ್ಲ ಕ್ಲೇಮ್ ವಿಭಾಗದಲ್ಲಿ ಊರವರ ರೋಗ ಎಣಿಸಿ ಬಂದವನಿಗೆ ಮನೆಯಲ್ಲೂ ಅದೇ ಯಾಕೆ ಎಂಬುದು ನನ್ನ ವಾದ.

ನಮ್ಮ ಮೇಲಿನ ಮಹಡಿಯಲ್ಲಿ ಬೆಳಗಾವಿಯ ರಶ್ಮಿ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಮೊಬೈಲಿನ ಭದ್ರತೆಯೇ ಅವಳ ಉದ್ಯೋಗ. ಒಂದು ಭಾನುವಾರ ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ಸುಧಾಳಿಗೆ ಪಾಠ ಹೇಳುತ್ತಿದ್ದಳು. "ಎಲ್ಲಾದಕ್ಕೂ ಒಂದ ಪಾಸ್‌ವರ್ಡ್ ಇಡಬ್ಯಾಡ್ರಿ ಕಾಕು. ಒಂದು ಹೋತಂದ್ರ ಎಲ್ಲಾ ಹೋಗ್ತಾವ. ಮೂಲ ಗುಟ್ಟು ಒಂದ ಇರಲಿ, ಅದರಿಂದ ಆಪಿಗೊಂದು ಬ್ಯಾರೆ ಬ್ಯಾರೆ ಕೀಲಿ ಹುಟ್ಟಿಸ್ರಿ. ಫೋನಿನ ಒಳಗೂ ಕೀಲಿ ಹಂಗ ಹುಟ್ತಾವ." ಸುಧಾ ಸ್ವಲ್ಪ ಯೋಚಿಸಿ, "ಒಂದ ಹೆಪ್ಪಿನಿಂದ ನಾಕು ಪಾತ್ರಿಗೆ ಹೆಪ್ಪು ಹಾಕಿದಂಗ ಅನ್ನು. ಮಸರು ನೋಡಿ ಹೆಪ್ಪು ಯಾರ ಮನೀದಂತ ಹೇಳಾಕ ಬರಂಗಿಲ್ಲ" ಎಂದಳು. ನಾನು ಪತ್ರಿಕೆ ಓದುತ್ತಿದ್ದೆ. ಆ ವಾರವೇ ಸುಧಾ ತನ್ನ ಕೀಲಿಗಳನ್ನೆಲ್ಲ ಬದಲಾಯಿಸಿದ್ದಳು ಎಂಬುದು ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ.

ಅವಳ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ವಾರಗಟ್ಟಲೆ ನೋವು ತಿಂದ ಮೇಲೆ ಆಪರೇಷನ್ನಿನ ದಿನ ಗೊತ್ತಾಯಿತು. ಒಳಗೆ ಹೋಗುವ ಮುನ್ನ ಬಳೆ, ಮಂಗಳಸೂತ್ರ, ಫೋನು ಎಲ್ಲ ನನ್ನ ಕೈಗಿತ್ತು, "ಎಲ್ಲಾದಕ್ಕೂ ನಮ್ಮ ಮದಿವಿ ವರ್ಷ ಹಾಕೇನಿ. ಅದರ ಮುಂದ ಆ ಆಪ್ ನನಗ ಕಲಿಸಿದವರ ಹೆಸರು. ತಿಳೀತೇನ್ರಿ?" ಎಂದಳು. ಹೂಂ ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಈ ಹೂಂ ನನ್ನನ್ನು ಅನೇಕ ಸಲ ಕಾಪಾಡಿದೆ.

ಸ್ವಲ್ಪ ಹೊತ್ತಿಗೆ ಕೌಂಟರಿನ ಹುಡುಗಿ ಕರೆದಳು. "ಅಂಕಲ್, ಇನ್ಶೂರೆನ್ಸ್ ಕೇ ಆಪ್ ಮೇಂ ಕನ್ಫರ್ಮ್ ಕರ್ ದೀಜಿಯೇ. ನಹೀಂ ತೋ ದೂಸ್ರೇ ಪೇಶೆಂಟ್ ಕೋ ಲೇನಾ ಪಡೇಗಾ." ಆಪಿನಲ್ಲಿ ಒಪ್ಪಿಗೆ ಕೊಡದಿದ್ದರೆ ಸರದಿ ಬೇರೆ ರೋಗಿಗೆ, ಅಂದರೆ ಸುಧಾ ಮತ್ತೊಂದು ದಿನ ಉಪವಾಸ ಬಿದ್ದು, ಮತ್ತದೇ ನೋವು ಹೊತ್ತು ಬರಬೇಕು. ಕೈಯಿಂದ ಕಟ್ಟೋಣವೆಂದರೆ ಬ್ಯಾಂಕಿನ ಆಪೂ ಅದೇ ಫೋನಿನಲ್ಲಿತ್ತು. ಅವಳನ್ನೇ ಕೇಳೋಣವೆಂದರೆ ಮಂಪರಿನ ಇಂಜೆಕ್ಷನ್ ಕೊಟ್ಟಾಗಿದೆ ಎಂದರು. ಮದುವೆಯ ವರ್ಷ ನನಗೆ ಗೊತ್ತಿತ್ತು. ತಾರೀಖು ಕೇಳದಿದ್ದುದು ಅವಳ ದೊಡ್ಡ ಗುಣ. ವಿಮೆಯ ವಿಷಯ ವಿಮೆಯವನಲ್ಲದೆ ಇನ್ಯಾರು ಕಲಿಸಿಯಾರು ಎಂದು ನನ್ನ ಹೆಸರನ್ನೇ ಬರೆದೆ. ತಪ್ಪು ಎಂದಿತು. ಮಗಳ ಹೆಸರು ಬರೆದೆ, ಅದೂ ತಪ್ಪು. ಇನ್ನೊಂದು ಸಲ ತಪ್ಪಿದರೆ ನಾಳೆಯವರೆಗೆ ಬೀಗ ಎಂದು ಕೆಂಪಕ್ಷರದಲ್ಲಿ ಬಂತು. ನನಗೆ ನಿಜವಾಗಿ ಹೆದರಿಕೆಯಾಯಿತು.

ವಡೋದರಾದ ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳ ಕನ್ನಡ ಮೂರು ಭಾಷೆಗಳನ್ನು ದಾಟಿ ಬರುತ್ತದೆ. "ಪಪ್ಪಾ, ಅದು ಮಮ್ಮಿ ಸೂರತ್‌ದಾಗ ಕಲ್ತದ್ದು. ವರಾಛಾ ಮನಿ, ಸಾಮ್ನೇವಾಲಿ ಆಂಟಿ." ಹೆಸರೇನು ಎಂದೆ. "ನಾನು ಆಂಟಿನೇ ಅಂತಿದ್ದೆ. ನಿಮಗೆ ಗೊತ್ತಿಲ್ಲ ಕ್ಯಾ?" ಆ ಆಂಟಿಯ ಮನೆಯ ಎದುರು ನಾವು ನಾಲ್ಕು ವರ್ಷ ಇದ್ದೆವು. ಅವರ ಮೆಂತ್ಯದ ರೊಟ್ಟಿ, ಥೇಪ್ಲಾ, ನನ್ನ ಟಿಫಿನ್ ಡಬ್ಬಿಯಲ್ಲಿ ವಾರಕ್ಕೊಮ್ಮೆಯಾದರೂ ಆಫೀಸಿಗೆ ಬರುತ್ತಿತ್ತು. ಆ ಮನೆಯ ಯಜಮಾನರು ವಜ್ರ ಸಾಣೆ ಹಿಡಿಯುವ ಕಾರ್ಖಾನೆಯಲ್ಲಿದ್ದರು. ಅವರ ನಂಬರು ನನ್ನ ಫೋನಿನಲ್ಲಿ "ಸೂರತ್ ಎದುರುಮನೆ ನೀರು" ಎಂದಿತ್ತು, ಟ್ಯಾಂಕಿನ ನೀರು ನಿಂತಾಗ ಕೇಳಲಿಕ್ಕೆಂದು.

ಆ ನಂಬರಿಗೆ ಫೋನ್ ಮಾಡಿದೆ, ಅವರು ಹೆಂಡತಿಗೆ ಕೊಟ್ಟರು. ಅಷ್ಟು ಥೇಪ್ಲಾ ತಿಂದವನು ಆ ತಾಯಿಯನ್ನು ಹಿಂದಿಯಲ್ಲಿ, "ಬೆನ್, ಆಪ್ ಕಾ ನಾಮ್ ಕ್ಯಾ ಹೈ?" ಎಂದು ಕೇಳಿದೆ. ಕಾರಣವನ್ನೂ ಹೇಳಿದೆ. ಆಕೆ ನಗಲಿಲ್ಲ. ಮೊದಲು ಸುಧಾಬೆನ್ ಹೇಗಿದ್ದಾರೆಂದು ಕೇಳಿದರು. ಆಮೇಲೆ, ತಮ್ಮ ಹೆಸರು ಭಾವನಾ, ಆದರೆ ಸುಧಾಬೆನ್ ಒಬ್ಬರೇ ತಮ್ಮನ್ನು ಭಾನು ಎಂದು ಕರೆಯುವುದು ಎಂದರು. ಗಂಡ ಆಸ್ಪತ್ರೆ ಸೇರಿದ್ದಾಗ ಆ ಆಪನ್ನು ತಾವೇ ತಡಕಾಡಿ ಕಲಿತು, ಆಮೇಲೆ ಸುಧಾಬೆನ್‌ಗೆ ಕಲಿಸಿದರಂತೆ. ಆಗ ಎದುರುಮನೆಯಲ್ಲಿ ಕ್ಲೇಮ್ ವಿಭಾಗದ ಅಧಿಕಾರಿಯೊಬ್ಬ ಪತ್ರಿಕೆ ಓದುತ್ತ ಕೂತಿದ್ದ. ಆಕೆ ಅದನ್ನು ಎತ್ತಿ ಆಡಲಿಲ್ಲ, ನನಗೇ ನಾಚಿಕೆಯಾಯಿತು. ವರ್ಷದ ಮುಂದೆ ಭಾನು ಎಂದು ಬರೆದೆ. ಆಪ್ ತೆರೆದುಕೊಂಡಿತು.

ಸುಧಾ ಈಗ ಆರಾಮಾಗಿದ್ದಾಳೆ. ಎಚ್ಚರವಾದ ಮೇಲೆ ಅವಳು ಮಾಡಿದ ಮೊದಲ ಕೆಲಸ ಮೂಲ ಗುಟ್ಟನ್ನು ಬದಲಾಯಿಸಿದ್ದು. "ನಿಮಗ ಗೊತ್ತಾತಲ್ಲ, ಇನ್ನ ಅದು ಗುಟ್ಟಲ್ಲ" ಎಂದಳು.

ನನಗೂ ಬುದ್ಧಿ ಬಂದು, ರಶ್ಮಿಯನ್ನು ಕರೆದು ನನ್ನ ಫೋನಿಗೂ ಹಾಗೇ ಮಾಡಿಕೊಡು ಎಂದೆ. ಮೂಲ ಗುಟ್ಟೊಂದನ್ನು ನಿಶ್ಚಯಿಸಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಆಮೇಲೆ ಅವಳು ಒಂದೊಂದೇ ಆಪಿನ ಹೆಸರು ಓದಿ, ಇದನ್ನು ಯಾರು ಕಲಿಸಿದರು ಎಂದು ಕೇಳುತ್ತ ಹೋದಳು. ರೈಲಿನ ಟಿಕೆಟ್ಟು ಸುಧಾ. ಕರೆಂಟ್ ಬಿಲ್ಲು ಸುಧಾ. ಔಷಧಿ ತರಿಸುವುದು ಸುಧಾ. ಆಫೀಸಿನ ಹಾಜರಿಯ ಆಪು ಕೂಡ, ನಾನು ಸಿಟ್ಟಿನಿಂದ ಫೋನು ಒಗೆದ ಸಂಜೆ, ಸುಧಾ. ರಶ್ಮಿ ಕೈಚೆಲ್ಲಿ ಕೂತಳು. "ಕಾಕಾ, ಹಿಂಗಾದ್ರ ಮತ್ತ ಎಲ್ಲಾದಕ್ಕೂ ಒಂದ ಕೀಲಿ ಆಗ್ತದ್ರಿ. ಇಷ್ಟೆಲ್ಲಾ ಮಾಡಿದ್ದು ಯಾಕ?" ಅವಳು ಹೇಳುವುದು ಸರಿಯೇ. ಕಳ್ಳನಿಗೆ ಒಂದು ಸಿಕ್ಕರೆ ನನ್ನ ಫೋನೆಲ್ಲ ಅವನದು. ಆದರೆ ಬೇರೆ ಹೆಸರು ನಾನು ಎಲ್ಲಿಂದ ತರಲಿ?