ತಮ್ಮನ ಗ್ಯಾಸ್ ತೊಟ್ಟಿಗೆ ಅಜೀರ್ಣ

ದೃಷ್ಟಿಯೂ ಇಲ್ಲ, ಮಾಟವೂ ಇಲ್ಲ. ಹೆಚ್ಚು ತಿನ್ನಿಸಿದ, ಕೆಟ್ಟಿತು. ಹನೂರಿನಲ್ಲಿ ಹೋಟೆಲ್ ಇಟ್ಟಿರುವ ನನ್ನ ತಮ್ಮನ ಗ್ಯಾಸ್ ಒಲೆ ಆರಿದ್ದರ ಕತೆ ಇಷ್ಟೇ. ಆದರೆ ಮದುವೆ ಮನೆಯಲ್ಲಿ ಸಾರು ಕೆಟ್ಟಿದೆ ಎಂದು ಕುಣಿದಾಡುವ ಗಂಡಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ಜೊತೆ ಒಂದೇ ಮನೆಯಲ್ಲಿ ಬೆಳೆದಿದ್ದೇನೆ!

ಹೋಟೆಲಿನ ಹಿತ್ತಲಲ್ಲಿ ಒಂದು ತೊಟ್ಟಿ ಕಟ್ಟಿಸಿದ್ದಾನೆ. ಮಿಕ್ಕ ಅನ್ನ, ತರಕಾರಿ ಸಿಪ್ಪೆ, ಸಗಣಿ ಎಲ್ಲವನ್ನೂ ಅದು ನುಂಗುತ್ತದೆ. ಒಳಗೇ ಕೊಳೆತು ಗ್ಯಾಸಾಗಿ ಕೊಳವೆಯಲ್ಲಿ ಒಲೆಗೆ ಬರುತ್ತದೆ. ಅವನು ಅದನ್ನು ತೊಟ್ಟಿ ಅನ್ನುವುದಿಲ್ಲ, ‘ನಮ್ಮ ಹಸ’ ಅನ್ನುತ್ತಾನೆ. ಶುಕ್ರವಾರ ಕುಂಕುಮ ಇಡುತ್ತಾನೆ. ಹೆಂಡತಿಗೆ ಹೂ ತರುವುದು ಮರೆತರೂ ಅದಕ್ಕೆ ತರುವುದು ಮರೆಯುವುದಿಲ್ಲ.

ಲಾಭವಿಲ್ಲ ಎನ್ನಲಾರೆ. ಅಮಾವಾಸ್ಯೆಗೆ ಬೆಟ್ಟದ ದೇವರಿಗೆ ನಡೆದು ಹೋಗುವವರು ಹೋಟೆಲಿಗೆ ನುಗ್ಗಿದಾಗ, ಪಕ್ಕದ ಹೋಟೆಲಿನವನು ಸಿಲಿಂಡರ್ ಬಂತೇ ಎಂದು ರಸ್ತೆ ನೋಡುತ್ತಾನೆ. ಇವನು ಇಡ್ಲಿ ಇಳಿಸುತ್ತಾನೆ. ಹಿತ್ತಲಲ್ಲಿ ನೊಣವಿಲ್ಲ, ನಾತವಿಲ್ಲ. ತೊಟ್ಟಿಯಿಂದ ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರವೆಂದು ಅರಿಶಿನ ಬೆಳೆಯುವವರು ಡ್ರಮ್ಮು ಹಿಡಿದು ನಿಲ್ಲುತ್ತಾರೆ. ಇಷ್ಟಾದ ಮೇಲೆ ಮನುಷ್ಯ ಸುಮ್ಮನಿರಬೇಕೋ ಬೇಡವೋ?

ಒಮ್ಮೆ ನಾನೂ ಅವನೂ ಸೀರೆ ಕೊಳ್ಳಲು ಕೊಳ್ಳೇಗಾಲಕ್ಕೆ ಹೋದೆವು. ಅಂಗಡಿಯವನಿಗೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆಯೂ ಇದೆಯೆಂದು ತಿಳಿದದ್ದೇ ತಡ, “ಅಲ್ಲ ಸಾ, ಗೂಡು ಬೇಯ್ಸಕ್ಕೆ ಸೌದೆ ಯಾಕ್ ಸುಡ್ತೀರಿ? ಒಂದ್ ಹಸ ಕಟ್ಟಿ” ಎಂದು ಇವನು ಶುರುವಿಟ್ಟುಕೊಂಡ. ಸಂಜೆಯಾಯಿತು. ಸೀರೆ ನಮ್ಮ ಜೊತೆ ಬರಲಿಲ್ಲ, ಅಂಗಡಿಯವನು ಬಂದ. ತೊಟ್ಟಿ ನೋಡಲು!

ಆಮೇಲೆ ಯಳಂದೂರಿನ ಮದುವೆ. ಎಲ್ಲರ ಕಣ್ಣು ಹೆಣ್ಣಿನ ಮೇಲೆ, ಇವನದು ಊಟದ ಎಲೆ ಮೇಲೆ. “ಸಾರು ಉಪ್ಪಾಗದೆ ಕಣಕ್ಕ, ಯಾರೂ ಅನ್ನ ಮುಟ್ಟಿಲ್ಲ” ಎಂದು ನನ್ನ ಕಿವಿಯಲ್ಲಿ ಹೇಳಿದಾಗ ಲಾಟರಿ ಹೊಡೆದವನ ಮುಖ ಅವನದು. ಮಿಕ್ಕಿದ್ದನ್ನೆಲ್ಲ ಡ್ರಮ್ಮುಗಟ್ಟಲೆ ತಂದು ಒಂದೇ ಸಲ ತೊಟ್ಟಿಗೆ ಸುರಿದ. ದಿನ ಕಳೆದಂತೆ ಒಲೆಯ ಉರಿ ಮಂಕಾಯಿತು.

ಪಕ್ಕದ ಹೋಟೆಲಿನವನ ಕಣ್ಣು ಬಿದ್ದಿದೆ ಎಂದು ತೀರ್ಮಾನಿಸಿದ. ದೃಷ್ಟಿ ತೆಗೆದು, ಬುಟ್ಟಿ ನಿಂಬೆಹಣ್ಣು ಕುಯ್ದು ತೊಟ್ಟಿಯೊಳಗೇ ಹಿಂಡಿದ. ಹೆಚ್ಚು ತಿಂದು ಹುಳಿತೇಗು ಬರುತ್ತಿರುವ ಹೊಟ್ಟೆಗೆ ನಿಂಬೆಹಣ್ಣು! ಇದ್ದ ಉರಿಯೂ ಹೋಯಿತು.

ಸುದ್ದಿ ತಿಳಿದು ನಮ್ಮೂರಿಂದ ಹನೂರಿಗೆ ಹೋದೆ. ಅವನ ಹೆಂಡತಿ ಸೌದೆ ಒಲೆ ಊದುತ್ತಿದ್ದಳು. “ಅಮಾಸೆಗೆ ಗ್ಯಾಸ್ ಉರೀಲಿಲ್ಲ ಅಂದ್ರೆ ತೊಟ್ಟಿಗೆ ಮಣ್ ಮುಚ್ಚುಸ್ತೀನಿ, ನೋಡ್ತಾ ಇರಿ ಅತ್ಗೆ” ಎಂದಳು. ಹೇಳಿದ್ದನ್ನು ಮಾಡುವವಳು. ತೊಟ್ಟಿ ಕಟ್ಟಿದ ಮೇಸ್ತ್ರಿ ಫೋನಿನಲ್ಲಿ, “ಎಂಜ್ಲು ಹಾಕದ್ ನಿಲ್ಸಿ. ದಿನಾ ಹಸಿ ಸಗಣಿ ಕದಡಿ ಉಯ್ರಿ. ಬದುಕುದ್ರೂ ಬದುಕ್ಬೋದು” ಅಂದನಂತೆ.

ಹಿತ್ತಲಲ್ಲಿ ತೊಟ್ಟಿಗೆ ಕಿವಿಯಿಟ್ಟು ಕೂತಿದ್ದ ನನ್ನ ತಮ್ಮ.

“ಒಳ್ಗೆ ಸದ್ದೇ ಇಲ್ಲ ಕಣಕ್ಕ.”

“ಉಂಡೇನ್ಲಾ?”

“ಅದು ಉಪಾಸ ಅಂತ ಅವ್ರೂ ಉಪಾಸ” ಎಂದಳು ಹೆಂಡತಿ ಒಳಗಿನಿಂದ.

ನಗು ಬಂತು, ನಗಲಿಲ್ಲ. ಊರವರ ಎಲೆಯಲ್ಲಿ ಎಷ್ಟು ಮಿಕ್ಕಿತು ಎಂದು ನೋಡುತ್ತಾ ತಿರುಗುವವನು ತನ್ನ ಎಲೆಯನ್ನೇ ಹಾಕಿಕೊಂಡಿರಲಿಲ್ಲ. ಅನ್ನ ಕಲಸಿ ತುತ್ತು ಬಾಯಿಗಿಟ್ಟೆ. ತಲೆಯೆಲ್ಲ ನರೆತವನು, ಮಗುವಿನ ಹಾಗೆ ತಿಂದ.

ಸಂಜೆ ಊರಿಗೆ ಮರಳಿದೆ. ಮಾರನೆ ಬೆಳಗ್ಗೆ ನಮ್ಮ ಕೊಟ್ಟಿಗೆಯ ಬಿಸಿ ಸಗಣಿಯನ್ನು ಬಕೆಟ್ಟಿಗೆ ತುಂಬಿ, ಬಾಳೆಲೆ ಮುಚ್ಚಿ, ಹನೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಮೂಗು ಹಿಡಿದುಕೊಂಡು, “ಏನಜ್ಜಿ ಇದು?” ಎಂದ.

“ರೋಗಿಗೆ ಗಂಜಿ ಕಣಪ್ಪ. ಟಿಕೆಟ್ ಕೊಡು” ಎಂದೆ. ರಸ್ತೆ ಹಳ್ಳಕೊಳ್ಳ, ತುಳುಕೀತೆಂದು ಬಕೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೆ.