ಮರಿಯಾಗದ ಮೊಟ್ಟೆಗಳ ಕುರಿತು ಲವ್‌ಬರ್ಡ್ಸ್ ದಂಪತಿಗಳಿಗೆ

ಶ್ರೀ ರಾಜ ಮತ್ತು ಶ್ರೀಮತಿ ರಾಣಿ ಅವರಿಗೆ,
ನಮ್ಮ ಪಡಸಾಲೆಯ ಪಂಜರ, ಕುರುಗೋಡು.

ಮಾನ್ಯರೇ,

ಶಿರಬಾಗಿ ವಂದಿಸಿ ಬಿನ್ನವಿಸುವುದೇನೆಂದರೆ, ತಮ್ಮ ಮೊಟ್ಟೆಗಳ ಕಥೆಯನ್ನು ಮೊದಲು ಹೇಳಿದವಳು ನನ್ನ ತಂಗಿ ಕೊಟ್ರಬಸಮ್ಮ. ಇದೇ 1979ರ ಶ್ರಾವಣದಲ್ಲಿ, ಓಣಿಯ ಹೆಂಗಸರು ನಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದಾಗ. “ಸಿರುಗುಪ್ಪದ ಸೊಸಿ ಕಾಳು ಹಾಕಾಕ ಹತ್ತಿದ ಮ್ಯಾಲ ಒಂದು ತತ್ತೀನೂ ಮರಿ ಆಗವಲ್ದು ನೋಡ್ರೆವ್ವಾ. ಕೈಗುಣ ಛಲೋ ಇಲ್ಲ” ಎಂದಳು.

ಅಂದಿನಿಂದ ನನ್ನ ಹೆಂಡತಿ ವೀರಭದ್ರಮ್ಮ, ಸೊಸೆ ಚನ್ನವೀರಮ್ಮನಿಗೆ ಹಾಲಿಗೆ ಹೆಪ್ಪು ಹಾಕಲು ಬಿಡಲಿಲ್ಲ, ಉಪ್ಪಿನಕಾಯಿ ಜಾಡಿ ಮುಟ್ಟಗೊಡಲಿಲ್ಲ. ಮದುವೆಯಾಗಿ ವರ್ಷ ತುಂಬದ ಹುಡುಗಿ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ ಕೂತು, ಕೊನೆಗೆ ತವರಿಗೆ ಹೋಗುತ್ತೇನೆಂದು ಗಂಟು ಕಟ್ಟಿದಳು.

ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅದು ಬೆಳ್ಳಗೆ ದುಂಡಗಿರುತ್ತದೆ ಎಂಬುದನ್ನು ಬಿಟ್ಟರೆ ನಮಗೆ ಬೇರೇನೂ ತಿಳಿಯದು. ಬಳ್ಳಾರಿಯ ಗಾಂಧಿನಗರದ ಅಂಗಡಿಯವನು “ಗಂಡ-ಹೆಂಡ್ತಿ ಅದಾವ್ರಿ” ಎಂದದ್ದನ್ನು ನಂಬಿ ತಮ್ಮನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು. ರಾಣಿ ಅವರು ಮೊಟ್ಟೆಯಿಟ್ಟಾಗ ನನ್ನ ಹೆಂಡತಿ ಪಂಜರಕ್ಕೆ ರವಿಕೆಯ ಖಣ ಹೊದಿಸಿ, ಬಸುರಿಗೆ ಮಾಡುವಂತೆ ಕುಬುಸ ಮಾಡಿದಳು. ಮರುವಾರ ರಾಜ ಅವರೂ ಮೊಟ್ಟೆಯಿಟ್ಟಾಗ, ಪರದೇಶದ ಗಂಡಸರು ಹೆಂಡತಿಯ ಎಲ್ಲ ಕೆಲಸಕ್ಕೂ ಕೈಜೋಡಿಸುತ್ತಾರೆಂದು ಕೇಳಿದ್ದ ನಾನು, ಕಣ್ಣು ತುಂಬಿ ಬಂದು, ಮಗನನ್ನು ಕರೆದು “ನೋಡಲೇ, ಗಂಡ ಅಂದ್ರ ಹಿಂಗಿರಬೇಕು” ಎಂದು ಬುದ್ಧಿ ಹೇಳಿದೆ.

ಗಂಟು ಹಿಡಿದು ಹೊರಟ ಚನ್ನವೀರಮ್ಮ, ಕೋಳಿ ಸಾಕಿದ ಪಕ್ಕದ ಮನೆಯ ಉಚ್ಚಂಗೆಮ್ಮನಿಗೆ ಹೋಗಿಬರುತ್ತೇನೆಂದು ಹೇಳಲು ಹಿತ್ತಲ ಗೋಡೆಯ ಬಳಿ ನಿಂತು, ಎರಡೂ ಹಕ್ಕಿ ತತ್ತಿ ಇಟ್ಟರೂ ಮರಿಯಾಗಲಿಲ್ಲವೆಂದು ಕಣ್ಣೀರು ತೆಗೆದಳಂತೆ. ಉಚ್ಚಂಗೆಮ್ಮ ಗೋಡೆ ಹಿಡಿದುಕೊಂಡು ನಕ್ಕು, “ಎರಡೂ ತತ್ತಿ ಇಟ್ಟ ಮ್ಯಾಲ ಅಪ್ಪ ಯಾರಬೇ? ಹುಂಜ ಇಲ್ದ ತತ್ತಿ ಬರ್ತಾವು, ಮರಿ ಎಲ್ಲಿಂದ ಬರ್ಬೇಕು?” ಎಂದಳು.

ಆದಕಾರಣ, ತಮ್ಮಲ್ಲಿ ಯಾರಾದರೂ ಒಬ್ಬರು ದೀಪಾವಳಿಯೊಳಗೆ ಗಂಡಾಗುವ ಕೃಪೆ ಮಾಡಬೇಕು. ಒಮ್ಮತಕ್ಕೆ ಬರದಿದ್ದರೆ ಪಾಳಿಯ ಮೇಲಾದರೂ ಆಗಬಹುದು. ಅಲ್ಲಿಯವರೆಗೆ ನನ್ನ ಸೊಸೆ ಬಂದಾಗಲೆಲ್ಲ ಇಬ್ಬರೂ ಎದ್ದು ನಿಲ್ಲತಕ್ಕದ್ದು. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಏಕೆಂದರೆ ಉಚ್ಚಂಗೆಮ್ಮ ಆ ಸಂಜೆಯೇ ಅದೇ ಕಟ್ಟೆಯ ಮೇಲೆ ತಮ್ಮ ಸಂಸಾರವನ್ನು ಸವಿಸ್ತಾರವಾಗಿ ವರ್ಣಿಸಿದ್ದಾಳೆ. ಮರುದಿನ ಬೆಳಿಗ್ಗೆ, ಕೇಳಿದವರೆಲ್ಲ ಹಾಲಿನ ಪಾತ್ರೆ ಹಿಡಿದು ಬಂದು, ಗಂಟು ಬಿಚ್ಚಿ ಇಲ್ಲೇ ಉಳಿದ ಚನ್ನವೀರಮ್ಮನ ಕೈಯಿಂದಲೇ ಹೆಪ್ಪು ಹಾಕಿಸಿಕೊಂಡು ಹೋದರು. ಸಾಲಿನ ಕೊನೆಯಲ್ಲಿ, ತನ್ನದೇ ಮನೆಯ ಬಾಗಿಲಲ್ಲಿ, ಪಾತ್ರೆ ಹಿಡಿದು ನನ್ನ ಹೆಂಡತಿಯೂ ನಿಂತಿದ್ದಳು.

ತಮ್ಮ ವಿಶ್ವಾಸಿ,
ವಿರೂಪಾಕ್ಷಪ್ಪ

ತಾ.ಕ.: ಕೊಟ್ರಬಸಮ್ಮ ಬರುವ ಸೋಮವಾರ ಬರುತ್ತಾಳೆ. ಶ್ರೀ ರಾಜ ಅವರು ದಯಮಾಡಿ ಅವಳ ಎದುರಿಗೇ ಒಂದು ಮೊಟ್ಟೆಯಿಡಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ.